ಅಪರಿಚಿತರ ಕೈಯಿಂದ ಕೈಗೆ ಒಂದು ಕೋಟು: ಸಮುದಾಯ ಕಲೆಯ ಪಯಣ ಆರಂಭಿಸುವವರಿಗೆ ಮಾರ್ಗದರ್ಶಿ

‘ಒಂದು ಕೋಟನ್ನು ಪರಸ್ಪರ ಪರಿಚಯವಿಲ್ಲದವರ ನಡುವೆ ಕಳುಹಿಸಬೇಕು, ಪ್ರತಿಯೊಬ್ಬರೂ ಅದರ ಮೇಲೆ ಏನನ್ನಾದರೂ ಹೊಲಿದು, ಬರೆದು, ಬಣ್ಣ ಹಚ್ಚಿ ಮುಂದಿನವರಿಗೆ ದಾಟಿಸಬೇಕು ಎಂದುಕೊಂಡಿದ್ದೇವೆ. ಎಲ್ಲಿಂದ ಹೊರಡಬೇಕು?’ ಓದುಗರಿಂದ ಈ ಪ್ರಶ್ನೆ ಬರುತ್ತಲೇ ಇದೆ. ಇದರ ಬೆನ್ನಿಗೇ ಬರುವ ಪ್ರಶ್ನೆಗಳೂ ಬಹುತೇಕ ಒಂದೇ: ಕೋಟು ದಾರಿಯಲ್ಲಿ ಕಳೆದುಹೋದರೆ? ಯಾರೋ ಇಟ್ಟುಕೊಂಡು ಸುಮ್ಮನಾಗಿಬಿಟ್ಟರೆ? ಒಬ್ಬರ ಕೆಲಸದ ಮೇಲೆ ಇನ್ನೊಬ್ಬರು ಬಣ್ಣ ಬಳಿದರೆ? ಎಲ್ಲಕ್ಕೂ ಒಂದೇ ಕಡೆ ಉತ್ತರ ಸಿಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲೇ ಹೇಳಬೇಕಾದ ಮಾತೊಂದಿದೆ. ಸೂಜಿ ಹಿಡಿದವರ ಕೈಯಲ್ಲಿ ಕೋಟು ಸಾಮಾನ್ಯವಾಗಿ ಕ್ಷೇಮವಾಗಿಯೇ ಇರುತ್ತದೆ. ಅದಕ್ಕೆ ಅಪಾಯವಿರುವುದು ಒಬ್ಬರು ಮುಗಿಸಿ ಇನ್ನೊಬ್ಬರು ಪಡೆಯುವ ನಡುವಿನ ಹೊತ್ತಿನಲ್ಲಿ. ಆದ್ದರಿಂದ ನಿಮ್ಮ ಶ್ರಮದ ಹೆಚ್ಚಿನ ಪಾಲು ಹಸ್ತಾಂತರಕ್ಕೆ ಹೋಗಲಿ. ಉಳಿದದ್ದನ್ನು ಪಾಲ್ಗೊಂಡವರೇ ನೋಡಿಕೊಳ್ಳುತ್ತಾರೆ, ನೀವು ಊಹಿಸಿದ್ದಕ್ಕಿಂತ ಚೆನ್ನಾಗಿಯೇ.

ಈ ಲೇಖನದಲ್ಲಿ ಎರಡು ಪದಗಳು ಪದೇ ಪದೇ ಬರುತ್ತವೆ. ಯೋಜನೆಯನ್ನು ನಡೆಸುವ ವ್ಯಕ್ತಿ ‘ಉಸ್ತುವಾರಿ’. ಸದ್ಯಕ್ಕೆ ಕೋಟು ಯಾರ ಬಳಿ ಇದೆಯೋ ಅವರು ‘ಸರದಿಯವರು’.

1. ಕೋಟು ಏನನ್ನು ಕೇಳುತ್ತದೆ?

‘ನಿಮಗೆ ಇಷ್ಟಬಂದದ್ದನ್ನು ಮಾಡಿ’ ಎಂಬ ಆಹ್ವಾನ ಉದಾರವಾಗಿ ಕಾಣುತ್ತದೆ. ಆದರೆ ಅದನ್ನು ಓದಿದ ಹೊಸಬರು ಬೆಚ್ಚಿ ಹಿಂದೆ ಸರಿಯುತ್ತಾರೆ, ನುರಿತವರು ತಮ್ಮ ಕೈಚಳಕವನ್ನೆಲ್ಲ ತೋರಿಸಲು ಹೊರಡುತ್ತಾರೆ. ಎರಡರಿಂದಲೂ ಯೋಜನೆಗೆ ಒಳಿತಾಗುವುದಿಲ್ಲ. ಬದಲಿಗೆ ಒಂದೇ ವಾಕ್ಯದ ಪ್ರಶ್ನೆಯೊಂದನ್ನು ಕೊಡಿ: ‘ನೀವು ಬಿಟ್ಟುಬಂದ ಒಂದು ಮನೆಯ ಬಾಗಿಲು ಹೇಗಿತ್ತು?’, ‘ನಿಮಗೆ ಕೆಲಸ ಕಲಿಸಿದವರ ಕೈ ನೆನಪಿದೆಯೇ?’, ‘ಈ ವಾರ ಹೊರಗೆ ಕೇಳಿಸಿದ ಒಂದು ಸದ್ದು ಯಾವುದು?’ ಅಂಗೈಯಗಲದ ಜಾಗದಲ್ಲಿ, ಚಿತ್ರಕಲೆ ಕಲಿಯದವರೂ ಉತ್ತರಿಸಬಲ್ಲಂಥ ಪ್ರಶ್ನೆ ಅದಾಗಿರಬೇಕು. ‘ಶಾಂತಿ’, ‘ಪ್ರಕೃತಿ’ಯಂಥ ಅಮೂರ್ತ ವಿಷಯ ಕೊಟ್ಟರೆ ಪಾರಿವಾಳಗಳೂ ಎಲೆಗಳೂ ಸಾಲುಸಾಲಾಗಿ ಬರುತ್ತವೆ.

ಪಯಣ ಎಲ್ಲಿ ಮುಗಿಯುತ್ತದೆ ಎಂಬುದನ್ನೂ ಈಗಲೇ ತೀರ್ಮಾನಿಸಿ. ಒಂದು ದಿನಾಂಕ ಇಟ್ಟುಕೊಳ್ಳಬಹುದು, ಇಲ್ಲವೇ ಜಾಗಗಳೆಲ್ಲ ತುಂಬಿದಾಗ ಎನ್ನಬಹುದು. ಕೊನೆಯಿಲ್ಲದ ಯೋಜನೆಯಲ್ಲಿ ಯಾರಿಗೂ ಅವಸರವಿರುವುದಿಲ್ಲ. ಅವಸರವಿಲ್ಲದ ಕಡೆ ಕೋಟು ಕಪಾಟು ಸೇರುತ್ತದೆ. ದೀರ್ಘ ಪಯಣ ತಪ್ಪೆಂದಲ್ಲ. ಬ್ರಿಟನ್ನಿನ ಕಲಾವಿದೆ ಕರ್ಸ್ಟಿ ಮ್ಯಾಕ್ಲಿಯಡ್ ಅವರ ‘ದಿ ರೆಡ್ ಡ್ರೆಸ್’ ಯೋಜನೆ 2009ರಿಂದ 2023ರವರೆಗೆ ನಡೆಯಿತು. 51 ದೇಶಗಳ 380 ಮಂದಿ ಆ ಕೆಂಪು ರೇಷ್ಮೆ ಉಡುಪಿನ ಮೇಲೆ ಕಸೂತಿ ಹಾಕಿದರು. ಅಷ್ಟು ಕಾಲ ಅದು ಕೂಡಿ ನಿಂತಿತು ಎಂದರೆ ಹಿಂದೆ ನಿಂತು ಅದನ್ನು ನಡೆಸಿದವರೊಬ್ಬರು ಇದ್ದರು ಎಂದರ್ಥ.

2. ದಾರಿಯ ಮಾದರಿಯನ್ನು ಆರಿಸಿ

ಎರಡು ಮಾದರಿಗಳಿವೆ. ಮೊದಲನೆಯದು ಸರಪಳಿ: ಕೋಟು ಒಬ್ಬರಿಂದ ನೇರವಾಗಿ ಇನ್ನೊಬ್ಬರಿಗೆ ಹೋಗುತ್ತದೆ. ಖರ್ಚು ಕಡಿಮೆ, ರೋಮಾಂಚನ ಹೆಚ್ಚು. ಒಂದು ಕೊಂಡಿ ಕಳಚಿದರೆ ಮಾತ್ರ ಎಲ್ಲವೂ ನಿಲ್ಲುತ್ತದೆ. ಎರಡನೆಯದು ಕೇಂದ್ರ ಮಾದರಿ: ಪ್ರತಿ ಸರದಿಯ ನಂತರ ಕೋಟು ಉಸ್ತುವಾರಿಯ ಬಳಿ ಮರಳಿ, ಪರಿಶೀಲನೆಯಾಗಿ, ಮತ್ತೆ ಹೊರಡುತ್ತದೆ. ಸುರಕ್ಷಿತ, ಆದರೆ ಸಾಗಣೆ ವೆಚ್ಚ ಇಮ್ಮಡಿ. ಜತೆಗೆ ಅಪರಿಚಿತರ ನಡುವಿನ ಕೊಡು-ಕೊಳ್ಳುವಿಕೆಯ ಸೊಗಸೂ ಕರಗುತ್ತದೆ.

2000ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆರಂಭವಾದ ‘1000 ಜರ್ನಲ್ಸ್’ ಯೋಜನೆಯಲ್ಲಿ ಸಾವಿರ ಖಾಲಿ ಪುಸ್ತಕಗಳನ್ನು ಅಪರಿಚಿತರ ನಡುವೆ ಬಿಡಲಾಯಿತು; ಬಹುಪಾಲು ಪುಸ್ತಕಗಳು ಹೊರಟಲ್ಲಿಗೆ ಮರಳಲಿಲ್ಲ. ಸಾವಿರ ಪುಸ್ತಕಗಳಿದ್ದಾಗ ಆ ನಷ್ಟವನ್ನು ತಾಳಿಕೊಳ್ಳಬಹುದು. ನಿಮ್ಮ ಬಳಿ ಇರುವುದು ಒಂದೇ ಕೋಟು.

ನನ್ನ ಸಲಹೆ ಮಿಶ್ರ ಮಾದರಿ. ನಾಲ್ಕೈದು ಜನರ ಒಂದು ಸರಪಳಿ, ಅದರ ಕೊನೆಯಲ್ಲಿ ಉಸ್ತುವಾರಿಯ ಬಳಿಗೆ ಒಂದು ವಿರಾಮ, ಆಮೇಲೆ ಇನ್ನೊಂದು ಸರಪಳಿ. ಮೂರನೆಯ ದಾರಿಯೂ ಇದೆ: ಕೋಟನ್ನು ಬಿಡಿಬಿಡಿ ತುಂಡುಗಳಾಗಿ ಕಳುಹಿಸಿ, ಕೊನೆಯಲ್ಲಿ ಜೋಡಿಸಿ ಹೊಲಿಯುವುದು. ಮೇಲೆ ಹೇಳಿದ ಕೆಂಪು ಉಡುಪು ಕೂಡ ಬಹುಕಾಲ ತುಂಡುಗಳಾಗಿಯೇ ಓಡಾಡಿತು. ದೂರದ ದೇಶಗಳಿಗೆ ಕಳುಹಿಸುವುದಿದ್ದರೆ ಇದು ಒಳ್ಳೆಯದು. ಆದರೆ ಸರದಿಯವರು ಅದನ್ನು ತೊಟ್ಟು ನೋಡಲಾಗುವುದಿಲ್ಲ. ಹಿಂದಿನವರ ಕೆಲಸವನ್ನು ಮೈಮೇಲೆ ಹೊತ್ತುಕೊಂಡು ಒಂದು ಸಂಜೆ ಓಡಾಡುವ ಅನುಭವವೇ ಬೇರೆ. ಅದಕ್ಕಾಗಿ ನಾನು ಇಡೀ ಕೋಟನ್ನೇ ಕಳುಹಿಸುವುದರ ಪರ.

3. ಕೋಟನ್ನು ಆರಿಸುವುದು

ಬಟ್ಟೆಯ ದಪ್ಪವನ್ನು ಜಿಎಸ್‌ಎಂ ಎಂಬ ಅಳತೆಯಲ್ಲಿ ಹೇಳುತ್ತಾರೆ. ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ ಅದು. 250ರಿಂದ 300 ಜಿಎಸ್‌ಎಂ ಹತ್ತಿಯ ಡ್ರಿಲ್ (ಓರೆ ನೇಯ್ಗೆಯ ಗಟ್ಟಿ ಬಟ್ಟೆ) ಅಥವಾ ತೆಳು ಕ್ಯಾನ್ವಾಸ್ ಈ ಕೆಲಸಕ್ಕೆ ಹೇಳಿಮಾಡಿಸಿದಂತಿದೆ. ಕೈಸೂಜಿ ಸಲೀಸಾಗಿ ಇಳಿಯುತ್ತದೆ, ಬಣ್ಣ ಹಿಡಿಯುತ್ತದೆ, ಇಸ್ತ್ರಿಯ ಬಿಸಿ ತಾಳುತ್ತದೆ, ತೇಪೆಯ ಭಾರವನ್ನೂ ಹೊರುತ್ತದೆ.

ಉಣ್ಣೆಯ ಕೋಟು ಆಕರ್ಷಕ, ಆದರೆ ನುಸಿಯ ಮರಿಹುಳು ಉಣ್ಣೆಯನ್ನು ತಿನ್ನುತ್ತದೆ. ಹತ್ತಾರು ಮನೆಗಳ ಕಪಾಟುಗಳನ್ನು ದಾಟುವ ಉಡುಪಿಗೆ ಆ ಅಪಾಯ ಚಿಕ್ಕದಲ್ಲ. ಚರ್ಮದ ಮೇಲೆ ಬಿದ್ದ ಸೂಜಿಯ ತೂತು ಎಂದಿಗೂ ಮುಚ್ಚುವುದಿಲ್ಲ. ಮಳೆಕೋಟಿನ ಸಿಂಥೆಟಿಕ್ ಬಟ್ಟೆಯ ಮೇಲೆ ಬಣ್ಣ ನಿಲ್ಲುವುದಿಲ್ಲ, ಇಸ್ತ್ರಿ ಇಟ್ಟರೆ ಕರಗುತ್ತದೆ.

ಅಳತೆ ದೊಡ್ಡದಿರಲಿ. ಬೇರೆ ಬೇರೆ ಮೈಕಟ್ಟಿನವರು ತೊಡಬೇಕು, ಗಾಲಿಕುರ್ಚಿಯಲ್ಲಿ ಕುಳಿತವರಿಗೂ ಹೆಗಲ ಮೇಲೆ ಹೊದೆಯಲು ಬರಬೇಕು. ಇಳಿಬಿದ್ದ ಹೆಗಲು, ಅಗಲ ತೋಳು, ಮುಂಭಾಗ ಪೂರ್ತಿ ತೆರೆಯುವ ವಿನ್ಯಾಸ ಉತ್ತಮ. ಹಳೆಯ ಕೋಟನ್ನು ಬಳಸುವುದಾದರೆ ಕಂಕುಳು, ಕಾಲರಿನ ಮಡಿಕೆ, ಮೊಣಕೈ, ಜೇಬಿನ ಬಾಯಿ ಇವನ್ನು ಬೆಳಕಿಗೆ ಹಿಡಿದು ನೋಡಿ. ಬಟ್ಟೆ ತೆಳುವಾದ ಕಡೆ ಬೆಳಕು ತೂರಿಬರುತ್ತದೆ.

ಕೊನೆಯದಾಗಿ ತೂಕ. ಅಂತರರಾಷ್ಟ್ರೀಯ ಅಂಚೆಯಲ್ಲಿ ಚಿಕ್ಕ ಪೊಟ್ಟಣದ ಮಿತಿ 2 ಕಿಲೋ. ಅದು ಮೀರಿದರೆ ಪಾರ್ಸೆಲ್ ದರ ಬೀಳುತ್ತದೆ. ಖಾಲಿ ಕೋಟೇ 1.2 ಕಿಲೋ ಇದ್ದರೆ, ಪೆಟ್ಟಿಗೆ, ಪುಸ್ತಕ, ದಾರ, ಗುಂಡಿ, ತೇಪೆ ಎಲ್ಲಕ್ಕೂ ಸೇರಿ ಉಳಿಯುವುದು 800 ಗ್ರಾಂ ಮಾತ್ರ. ಕೋಟು ಪ್ರತಿ ಸರದಿಯಲ್ಲೂ ಭಾರವಾಗುತ್ತಲೇ ಹೋಗುತ್ತದೆ ಎಂಬುದನ್ನು ಬಹಳ ಮಂದಿ ಮರೆಯುತ್ತಾರೆ.

4. ಹೊರಡುವ ಮುನ್ನ ಕೋಟನ್ನು ಸಜ್ಜುಗೊಳಿಸಿ

ಈ ಹಂತಕ್ಕೆ ನೀವು ಕೊಡುವ ಸಮಯ ಮುಂದೆ ಪ್ರತಿ ಸರದಿಯಲ್ಲೂ ಫಲ ಕೊಡುತ್ತದೆ. ದಯವಿಟ್ಟು ಆತುರಪಡಬೇಡಿ.

ಮೊದಲು ಎರಡು ಬಾರಿ ಒಗೆದು, ಒಣಗಿಸಿ, ಇಸ್ತ್ರಿ ಮಾಡಿ. ಹತ್ತಿ ಬಟ್ಟೆ ಮೊದಲ ಒಗೆತದಲ್ಲಿ ಕುಗ್ಗುತ್ತದೆ. ಕಸೂತಿ ಬಿದ್ದ ಮೇಲೆ ಕುಗ್ಗಿದರೆ ಸುತ್ತಲಿನ ಬಟ್ಟೆಯೆಲ್ಲ ನೆರಿಗೆಗಟ್ಟುತ್ತದೆ. ಹೊಸ ಬಟ್ಟೆಯ ಮೇಲಿನ ಗಂಜಿಯೂ ಹೋಗಬೇಕು, ಇಲ್ಲವಾದರೆ ಬಣ್ಣ ಸರಿಯಾಗಿ ಕೂರುವುದಿಲ್ಲ.

ಎರಡನೆಯದು ಅಸ್ತರು, ಅಂದರೆ ಕೋಟಿನ ಒಳಪದರ. ಇದನ್ನು ಯೋಚಿಸದೆ ಬಿಟ್ಟರೆ ಆಗುವ ಅನಾಹುತ ಏನು ಗೊತ್ತೇ? ಸರದಿಯವರು ಹೊರಬಟ್ಟೆ ಮತ್ತು ಅಸ್ತರು ಎರಡನ್ನೂ ಸೇರಿಸಿ ಹೊಲಿದುಬಿಡುತ್ತಾರೆ. ಕೋಟು ಅಲ್ಲಲ್ಲಿ ಬಿಗಿದುಕೊಂಡು, ತೊಟ್ಟಾಗ ಎಳೆಯುತ್ತದೆ. ಹಿಂಬದಿಯ ಗಂಟುಗಳಿಗೆ ಬಟ್ಟೆ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಅಸ್ತರಿನ ಕೆಳ ಅಂಚನ್ನೂ ಒಂದು ಪಕ್ಕದ ಅಂಚನ್ನೂ ಬಿಚ್ಚಿ, ಅಲ್ಲಿ ಒತ್ತುಗುಂಡಿಗಳನ್ನು ಹಾಕಿ, ಇಲ್ಲವೇ ಕಚ್ಚಾ ಹೊಲಿಗೆಯಿಂದ ಹಿಡಿಸಿ. ಕಚ್ಚಾ ಹೊಲಿಗೆ ಎಂದರೆ ಬೇಕೆಂದಾಗ ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ, ಉದ್ದುದ್ದನೆಯ ತಾತ್ಕಾಲಿಕ ಹೊಲಿಗೆ. ಪ್ರತಿಯೊಬ್ಬರೂ ಅಸ್ತರನ್ನು ಸರಿಸಿ, ಹೊರಬಟ್ಟೆಯ ಹಿಂಬದಿಗೆ ಕೈ ತಲುಪಿಸಿ ಕೆಲಸ ಮಾಡಿ, ಮತ್ತೆ ಮುಚ್ಚುವಂತಿರಬೇಕು.

ಮೂರನೆಯದು ಜಾಗದ ಹಂಚಿಕೆ. ಮೊದಲ ಕೆಲವರು ಉತ್ಸಾಹದಲ್ಲಿ ಇಡೀ ಬೆನ್ನನ್ನು ತುಂಬಿಸಿಬಿಟ್ಟರೆ ನಂತರದವರಿಗೆ ತೋಳಿನ ತುದಿ, ಜೇಬಿನ ಒಳಗು ಮಾತ್ರ ಉಳಿಯುತ್ತದೆ. ಇದು ತೀರಾ ಸಾಮಾನ್ಯ ತೊಡಕು, ಆದರೂ ತಪ್ಪಿಸಲು ತೀರಾ ಸುಲಭ. 1987ರಲ್ಲಿ ಅಮೆರಿಕದಲ್ಲಿ ಶುರುವಾದ ಏಡ್ಸ್ ಸ್ಮಾರಕ ಹೊದಿಕೆಯಲ್ಲಿ ಪ್ರತಿ ಫಲಕಕ್ಕೂ ಒಂದೇ ಅಳತೆ: ಮೂರು ಅಡಿ ಅಗಲ, ಆರು ಅಡಿ ಉದ್ದ. ಹೊಲಿಗೆ ಬಲ್ಲವರು ಮಾಡಿದ್ದಿರಲಿ, ಮೊದಲ ಸಲ ಸೂಜಿ ಹಿಡಿದವರು ಮಾಡಿದ್ದಿರಲಿ, ತೀರಿಕೊಂಡ ಪ್ರತಿಯೊಬ್ಬರ ನೆನಪಿಗೂ ಸಮನಾದ ಜಾಗ. ಹತ್ತಾರು ಸಾವಿರ ಫಲಕಗಳು ಒಟ್ಟಾಗಿ ನಿಲ್ಲಲು ಆ ಒಂದು ನಿಯಮ ದೊಡ್ಡ ಆಸರೆ.

ಕೋಟಿಗೂ ಅದೇ ನ್ಯಾಯ. 60 ಸೆಂಟಿಮೀಟರ್ ಅಗಲ, 96 ಸೆಂಟಿಮೀಟರ್ ಉದ್ದದ ಬೆನ್ನಿನಲ್ಲಿ 12 ಸೆಂಟಿಮೀಟರಿನ 40 ಚೌಕಗಳು ಹಿಡಿಯುತ್ತವೆ. ಎಲ್ಲವನ್ನೂ ಹಂಚಬೇಡಿ. ಸುಮಾರು ಕಾಲು ಭಾಗವನ್ನು ಖಾಲಿ ಬಿಡಿ; ಎರಡು ಕೆಲಸಗಳನ್ನು ಬೆಸೆಯಲು, ಹರಿದದ್ದನ್ನು ಮುಚ್ಚಲು, ಕೊನೆಗೆ ಬಂದು ಸೇರುವವರಿಗೆ ಅದು ಬೇಕಾಗುತ್ತದೆ. ಚೌಕಗಳು ಬಿಗಿಯಾಗಿ ಕಂಡರೆ ಗೆರೆಗಳನ್ನು ಬಳುಕಿಸಿ, ಹೊಲಗದ್ದೆಗಳ ಬದುಗಳಂತೆ ಕಾಣಲಿ. ವಿಸ್ತೀರ್ಣ ಮಾತ್ರ ಸಮನಾಗಿರಲಿ. ಮೊಣಕೈ, ಕಂಕುಳು, ಕಾಲರಿನ ಅಂಚು, ಕುಳಿತಾಗ ಒತ್ತುವ ಭಾಗ ಇವುಗಳನ್ನು ಯಾರಿಗೂ ಕೊಡಬೇಡಿ. ತಿಕ್ಕಾಟಕ್ಕೆ ಅಲ್ಲಿನ ಕೆಲಸ ಬೇಗ ಸವೆಯುತ್ತದೆ, ಅದನ್ನು ಮಾಡಿದವರಿಗೆ ನೋವಾಗುತ್ತದೆ.

ಗಡಿಗಳನ್ನು ಸೀಮೆಸುಣ್ಣದಿಂದ ಎಳೆದರೆ ಎರಡು ಕೈ ದಾಟುವಷ್ಟರಲ್ಲಿ ಅಳಿಸಿಹೋಗುತ್ತವೆ. ಬಿಸಿ ತಾಗಿದರೆ ಮಾಯವಾಗುವ ಪೆನ್ನನ್ನಂತೂ ಬಳಸಲೇಬೇಡಿ. ಅದರ ಗೆರೆ ಕಡು ಚಳಿಯಲ್ಲಿ ಮರಳಿ ಮೂಡುತ್ತದೆ. ಎದ್ದು ಕಾಣುವ ಬಣ್ಣದ ದಾರದಲ್ಲಿ ಕಚ್ಚಾ ಹೊಲಿಗೆ ಹಾಕುವುದೇ ಸರಿಯಾದ ದಾರಿ. ಸರದಿಯವರು ತಮ್ಮ ಕೆಲಸ ಮುಗಿದ ಮೇಲೆ ತಮ್ಮ ಚೌಕದ ಗಡಿದಾರವನ್ನು ತೆಗೆದುಬಿಡಲಿ. ಎಲ್ಲಿ ದಾರ ಇನ್ನೂ ಇದೆಯೋ ಅಲ್ಲಿ ಜಾಗ ಖಾಲಿ ಇದೆ ಎಂದು ಮುಂದಿನವರಿಗೆ ತಾನಾಗಿಯೇ ತಿಳಿಯುತ್ತದೆ.

ನಾಲ್ಕನೆಯದು ಗುರುತುಪಟ್ಟಿ. ಕೊರಳ ಒಳಭಾಗದಲ್ಲಿ ಒಂದು ಬಟ್ಟೆಯ ತುಂಡು ಹೊಲಿದು, ಯೋಜನೆಯ ಹೆಸರು, ಉಸ್ತುವಾರಿಯ ಇಮೇಲ್, ‘ಇದು ನಿಮಗೆ ಆಕಸ್ಮಿಕವಾಗಿ ಸಿಕ್ಕಿದ್ದರೆ ದಯವಿಟ್ಟು ತಿಳಿಸಿ’ ಎಂಬ ಸಾಲು ಬರೆಯಿರಿ. ಕ್ಯೂಆರ್ ಸಂಕೇತ ಹಾಕುವುದಾದರೆ ದೋಷ ಸರಿಪಡಿಸುವಿಕೆಯ ಅತ್ಯುನ್ನತ ಮಟ್ಟವನ್ನು ಆರಿಸಿ. ಆಗ ಸುಮಾರು ಶೇ 30ರಷ್ಟು ಭಾಗ ಸವೆದರೂ ಮೊಬೈಲ್ ಅದನ್ನು ಓದಬಲ್ಲದು. ಆದರೂ ಅಕ್ಷರದಲ್ಲಿ ಬರೆದ ವಿಳಾಸವನ್ನು ಬಿಡಬೇಡಿ.

5. ಜತೆಗೆ ಹೋಗುವ ಚೀಲ

ಚೀಲದಲ್ಲಿ ಇರಬೇಕಾದದ್ದು ಹೆಚ್ಚೇನಿಲ್ಲ: ಗಟ್ಟಿ ಡಬ್ಬಿಯಲ್ಲಿ ಕೆಲವು ಸೂಜಿಗಳು, ನಾಲ್ಕೈದು ಬಣ್ಣದ ಕಸೂತಿ ದಾರ, ಮೊಂಡು ತುದಿಯ ಚಿಕ್ಕ ಕತ್ತರಿ, ಕೋಟಿನದೇ ಬಟ್ಟೆಯ ತುಂಡುಗಳು, ಜಾಗದ ಹಂಚಿಕೆ ತೋರಿಸುವ ಕಾಗದದ ನಕ್ಷೆ. ಬಟ್ಟೆಯ ತುಂಡುಗಳು ಪ್ರಯೋಗಕ್ಕೆ. ಮೊದಲು ಅಲ್ಲಿ ಮಾಡಿ ನೋಡಿ, ಧೈರ್ಯ ಬಂದ ಮೇಲೆ ಕೋಟಿನ ಮೇಲೆ ಕೈಯಿಡಲಿ. ದ್ರವರೂಪದ ಬಣ್ಣ, ಅಂಟು ಕಳುಹಿಸಬೇಡಿ. ಒಡೆದರೆ ಎಲ್ಲರ ಕೆಲಸವೂ ಹಾಳು.

ಇದರಲ್ಲಿ ಮುಖ್ಯವಾದದ್ದು ಪಯಣದ ಪುಸ್ತಕ. ಅಂಟಿಸಿದ್ದಕ್ಕಿಂತ ಹೊಲಿದು ಕಟ್ಟಿದ ಪುಸ್ತಕ ಬಾಳುತ್ತದೆ. ಪುಟಗಳಿಗೆ ಸಂಖ್ಯೆ ಹಾಕಿ; ನೀರು ಬಿದ್ದರೆ ಹರಡದ ಶಾಯಿಯ ಪೆನ್ನೊಂದನ್ನು ಜತೆಗಿಡಿ. ಪ್ರತಿಯೊಬ್ಬರಿಗೂ ಎರಡು ಪುಟ: ಒಂದರಲ್ಲಿ ಕೋಟು ಬಂದಾಗಿನ ಸ್ಥಿತಿ ಮತ್ತು ತೂಕ, ಬಳಸಿದ ವಸ್ತು, ಚೌಕದ ಸಂಖ್ಯೆ, ಇನ್ನೊಂದು ಅವರ ಮಾತಿಗೆ. ಸರದಿಯವರು ಕೋಟನ್ನು ದಾಟಿಸುವ ಮುನ್ನ ತಮ್ಮ ಪುಟಗಳ ಹಾಗೂ ಚೌಕದ ಫೋಟೊ ತೆಗೆದು ಉಸ್ತುವಾರಿಗೆ ಕಳುಹಿಸಲೇಬೇಕು. ಒಂದು ವೇಳೆ ಕೋಟು ಕಳೆದುಹೋದರೆ ಉಳಿಯುವುದು ಈ ಫೋಟೊಗಳೇ.

6. ಆಹ್ವಾನ ಮತ್ತು ಒಂದು ಪುಟದ ಒಪ್ಪಂದ

ಒಪ್ಪಂದ ಎಂದರೆ ಅಪನಂಬಿಕೆ ಎಂದು ಕೆಲವರು ಅಳುಕುತ್ತಾರೆ. ನನ್ನ ಅಭಿಪ್ರಾಯ ಬೇರೆ. ಅಪರಿಚಿತರು ಒಬ್ಬರನ್ನೊಬ್ಬರು ನಂಬಬೇಕಾದರೆ ನಿಯಮಗಳು ಎಲ್ಲರಿಗೂ ಒಂದೇ ರೀತಿ ಗೊತ್ತಿರಬೇಕು. ಒಂದೇ ಪುಟ, ಸರಳ ಭಾಷೆ ಸಾಕು.

ಅದರಲ್ಲಿ ಮೊದಲು ಕಾಲಮಿತಿ. ಕೈಸೇರಿದ ದಿನದಿಂದ ಮೂರು ವಾರ ಸೂಕ್ತ. ಒಂದು ವಾರ ಕೊಟ್ಟರೆ ದುಡಿಯುವ ಜನರಿಗೆ ಸಾಲದು, ಎರಡು ತಿಂಗಳು ಕೊಟ್ಟರೆ ಕೊನೆಯ ದಿನದವರೆಗೂ ಯಾರೂ ಮುಟ್ಟುವುದಿಲ್ಲ. ಸಾಗಣೆ ವೆಚ್ಚ ಯಾರದು ಎಂಬುದನ್ನು ಸ್ಪಷ್ಟವಾಗಿ ಬರೆಯಿರಿ. ಸರದಿಯವರೇ ಭರಿಸಬೇಕೆಂದರೆ ಹಣವಿದ್ದವರು ಮಾತ್ರ ಪಾಲ್ಗೊಳ್ಳುವಂತಾಗುತ್ತದೆ. ಒಂದು ಸಾಮೂಹಿಕ ನಿಧಿಯಿಂದ ಕೊಡುವುದು ನ್ಯಾಯ.

ಆಮೇಲೆ ಹಕ್ಕುಗಳು. ಬಹುತೇಕ ದೇಶಗಳು ಒಪ್ಪಿಕೊಂಡಿರುವ 1886ರ ಬರ್ನ್ ಒಡಂಬಡಿಕೆಯ ಪ್ರಕಾರ, ಕೃತಿ ರಚಿಸಿದ ಕ್ಷಣದಿಂದಲೇ ಕೃತಿಸ್ವಾಮ್ಯ ರಚಿಸಿದವರದು, ನೋಂದಣಿ ಬೇಕಿಲ್ಲ. 1928ರಲ್ಲಿ ಅದಕ್ಕೆ ‘ನೈತಿಕ ಹಕ್ಕು’ ಸೇರಿತು. ಕೃತಿ ತನ್ನದೆಂದು ಹೇಳಿಕೊಳ್ಳುವ, ತನ್ನ ಗೌರವಕ್ಕೆ ಕುಂದಾಗುವಂತೆ ಅದನ್ನು ತಿರುಚಿದರೆ ಆಕ್ಷೇಪಿಸುವ ಹಕ್ಕು ಅದು. ಅಂದರೆ ಕೋಟು ನಿಮ್ಮದಾದರೂ ಅದರ ಮೇಲಿನ ಪ್ರತಿ ಚೌಕದ ಹಕ್ಕು ಬೇರೆ ಬೇರೆಯವರದು. ಪ್ರದರ್ಶಿಸಲು, ಫೋಟೊ ಪ್ರಕಟಿಸಲು, ಹರಿದಲ್ಲಿ ದುರಸ್ತಿ ಮಾಡಲು ಅನುಮತಿಯನ್ನು ಮೊದಲೇ ಲಿಖಿತವಾಗಿ ಪಡೆಯಿರಿ. ಹೆಸರು ಹೇಗೆ ಕಾಣಿಸಬೇಕು ಎಂದೂ ಕೇಳಿ: ಪೂರ್ಣ ಹೆಸರು, ಮೊದಲ ಹೆಸರು ಮಾತ್ರ, ಅಥವಾ ಅನಾಮಿಕ. ಮಕ್ಕಳಿದ್ದರೆ ಪೋಷಕರ ಒಪ್ಪಿಗೆ ಕಡ್ಡಾಯ.

ಮನೆ ವಿಳಾಸದ ವಿಷಯದಲ್ಲಿ ಬಿಗಿಯಾಗಿರಿ. ಅದು ಉಸ್ತುವಾರಿಗೆ ಮತ್ತು ಕಳುಹಿಸುವ ಒಬ್ಬರಿಗೆ ಮಾತ್ರ ತಿಳಿಯಬೇಕು. ಪಯಣದ ಪುಸ್ತಕದಲ್ಲಿ ವಿಳಾಸ ಬರೆಯಬಾರದು. ವಿಳಾಸ ಕೊಡಲು ಹಿಂಜರಿಯುವವರಿಗೆ ಗ್ರಂಥಾಲಯವನ್ನೋ ಸಮುದಾಯ ಕೇಂದ್ರವನ್ನೋ ಕೇಳಿಕೊಂಡು, ಕೋಟನ್ನು ಅಲ್ಲಿಗೆ ತಲುಪಿಸುವ ಏರ್ಪಾಡು ಮಾಡಿ. ಒಂಟಿಯಾಗಿ ಬದುಕುವ ಎಷ್ಟೋ ಮಂದಿ ಪಾಲ್ಗೊಳ್ಳಲು ಆಗ ಮಾತ್ರ ಮುಂದೆ ಬರುತ್ತಾರೆ.

7. ನಿಮ್ಮ ಸರದಿ ಬಂದಾಗ

ಈ ಭಾಗ ಕೋಟು ಪಡೆಯುವವರಿಗೆ. ಉಸ್ತುವಾರಿಗಳು ಇದನ್ನು ನಕಲು ಮಾಡಿ ಚೀಲದಲ್ಲಿಡಬಹುದು.

ಪೆಟ್ಟಿಗೆ ತೆರೆದ ದಿನವೇ ‘ತಲುಪಿತು’ ಎಂದು ಉಸ್ತುವಾರಿಗೂ ಕಳುಹಿಸಿದವರಿಗೂ ತಿಳಿಸಿ. ಕೋಟನ್ನು ಹೊರಗೆ ಕೊಡವಿ, ಎರಡೂ ಬದಿಯ ಫೋಟೊ ತೆಗೆದುಕೊಳ್ಳಿ. ಸಡಿಲವಾದ ಹೊಲಿಗೆ ಕಂಡರೆ ಪುಸ್ತಕದಲ್ಲಿ ನಮೂದಿಸಿ. ತೊಟ್ಟು ನೋಡಿ. ಕನ್ನಡಿಯ ಮುಂದೆ ಸ್ವಲ್ಪ ಹೊತ್ತು ನಿಲ್ಲಿ, ಹಿಂದಿನವರ ಪುಟಗಳನ್ನು ಓದಿ, ಆಮೇಲೆ ನಿಮ್ಮ ಉತ್ತರ ಯೋಚಿಸಿ.

ಮೊದಲ ವಾರ ಯೋಚನೆಗೆ ಮತ್ತು ತುಂಡುಬಟ್ಟೆಯ ಪ್ರಯೋಗಕ್ಕೆ, ಎರಡನೆಯದು ಕೆಲಸಕ್ಕೆ, ಮೂರನೆಯದು ಒಣಗಿಸಲು, ಬರೆಯಲು, ಕಳುಹಿಸಲು ಎಂದು ಹಂಚಿಕೊಂಡರೆ ಒತ್ತಡವಾಗುವುದಿಲ್ಲ. ಕಸೂತಿ ದಾರದಲ್ಲಿ ಸಾಮಾನ್ಯವಾಗಿ ಆರು ಎಳೆಗಳಿರುತ್ತವೆ. ಡ್ರಿಲ್ ಬಟ್ಟೆಗೆ ಎರಡು ಅಥವಾ ಮೂರು ಎಳೆ ಸಾಕು. ಉದ್ದ ಜಿಗಿತದ ಹೊಲಿಗೆಗಳು ಬೆರಳಿಗೂ ಗುಂಡಿಗೂ ಸಿಕ್ಕಿ ಕಿತ್ತುಬರುತ್ತವೆ, ಚಿಕ್ಕದಾಗಿ ಹೊಲಿಯಿರಿ. ಬಟ್ಟೆಯ ಬಣ್ಣ ಬಳಸುವುದಾದರೆ ತೆಳುವಾಗಿ ಹಚ್ಚಿ, ಪೂರ್ತಿ ಒಂದು ದಿನ ಒಣಗಲು ಬಿಟ್ಟು, ಬಾಟಲಿಯ ಮೇಲಿನ ಸೂಚನೆಯಂತೆ ಹಿಂಬದಿಯಿಂದ ಇಸ್ತ್ರಿ ಮಾಡಿ. ದಪ್ಪವಾಗಿ ಬಳಿದ ಅಕ್ರಿಲಿಕ್ ಮಡಿಚಿದಲ್ಲಿ ಬಿರುಕು ಬಿಡುತ್ತದೆ.

ಅಂಟು ಬೇಡ. ಬಿಸಿ ಅಂಟು ಬಿಸಿಲಿಗೆ ನಿಂತ ವಾಹನದೊಳಗೆ ಮೆದುವಾಗಿ ಪಕ್ಕದ ಕೆಲಸಕ್ಕೂ ಮೆತ್ತಿಕೊಳ್ಳಬಹುದು. ಏನೇ ಸೇರಿಸಿದರೂ ದಾರದಿಂದಲೇ ಹಿಡಿಸಿ.

ಬೀಜ, ಒಣ ಎಲೆ, ಮಣ್ಣು, ಗರಿ, ಚಿಪ್ಪು, ಹವಳ ಇವನ್ನು ಹೊಲಿಯಬೇಕೆಂಬ ಆಸೆ ಬಹಳ ಜನರಿಗೆ ಬರುತ್ತದೆ. ಕೋಟು ಗಡಿ ದಾಟುವುದಿದ್ದರೆ ಖಂಡಿತ ಬೇಡ. ಅನೇಕ ದೇಶಗಳು ಸಸ್ಯರೋಗದ ಭಯದಿಂದ ಬೀಜ ಮತ್ತು ಮಣ್ಣನ್ನು ತಡೆಯುತ್ತವೆ. ಕೆಲವು ಹಕ್ಕಿಗಳ ಗರಿ ಮತ್ತು ಹವಳಗಳು, ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ‘ಸೈಟಿಸ್’ ಒಪ್ಪಂದದ ವ್ಯಾಪ್ತಿಗೆ ಬರುತ್ತವೆ. ಒಂದು ಗರಿಯಿಂದಾಗಿ ಇಡೀ ಕೋಟು ಜಪ್ತಿಯಾಗಬಹುದು. ಗರಿಯನ್ನು ದಾರದಲ್ಲಿ ಚಿತ್ರಿಸಿ.

ಇನ್ನೊಬ್ಬರ ಚೌಕ ನಿಮಗೆ ಇಷ್ಟವಾಗದಿದ್ದರೂ ಅದನ್ನು ಮುಟ್ಟುವಂತಿಲ್ಲ. ಯಾರನ್ನಾದರೂ ಅವಮಾನಿಸುವ ಬರಹ ಕಂಡರೆ ನೀವೇ ಮುಚ್ಚಲು ಹೋಗದೆ ಉಸ್ತುವಾರಿಗೆ ತಿಳಿಸಿ; ತೀರ್ಮಾನ ಅವರದು.

8. ಕಟ್ಟಿ ಕಳುಹಿಸುವುದು

ಮುಂದಿನವರಿಂದ ‘ಸಿದ್ಧವಿದ್ದೇನೆ, ಈ ವಾರ ಇಲ್ಲೇ ಇರುತ್ತೇನೆ’ ಎಂಬ ಉತ್ತರ ಬರುವವರೆಗೆ ಕೋಟನ್ನು ಕಳುಹಿಸಲೇಬಾರದು. ಇದೊಂದೇ ನಿಯಮವನ್ನು ಗಟ್ಟಿಯಾಗಿ ಪಾಲಿಸಿದರೂ ಅರ್ಧ ತಾಪತ್ರಯ ಕಡಿಮೆಯಾಗುತ್ತದೆ. ಊರಲ್ಲಿಲ್ಲದವರ ಬಾಗಿಲಿಗೆ ಹೋದ ಪಾರ್ಸೆಲ್ ಎಲ್ಲೋ ಗೋದಾಮಿನಲ್ಲಿ ಕೂತು, ಕಾಲಾವಧಿ ಮುಗಿದು, ತಪ್ಪು ಕಡೆಗೆ ಹೊರಟುಹೋಗುತ್ತದೆ.

ಕೋಟನ್ನು ಚೂಪಾಗಿ ಮಡಿಚುವುದಕ್ಕಿಂತ ಸುತ್ತುವುದು ಒಳ್ಳೆಯದು. ಬಣ್ಣವಿರುವ ಭಾಗಗಳ ನಡುವೆ ಬೆಣ್ಣೆ ಕಾಗದ ಹಾಕಿ. ಒಣಗಿದ ಅಕ್ರಿಲಿಕ್ ಕೂಡ ಒತ್ತಡ ಮತ್ತು ಸೆಕೆಯಲ್ಲಿ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಪ್ಲಾಸ್ಟಿಕ್ ಚೀಲದೊಳಗಿಟ್ಟು ಗಟ್ಟಿ ರಟ್ಟಿನ ಪೆಟ್ಟಿಗೆಗೆ ಹಾಕಿ. ವಿಳಾಸದ ಪ್ರತಿಯೊಂದನ್ನು ಪೆಟ್ಟಿಗೆಯ ಒಳಗೂ ಇಡಿ, ಹೊರಗಿನ ಚೀಟಿ ಕಿತ್ತುಹೋದರೆ ಅದೇ ದಿಕ್ಕು. ಟ್ರ್ಯಾಕಿಂಗ್ ಇಲ್ಲದ ಸೇವೆಯನ್ನು ಎಷ್ಟೇ ಅಗ್ಗವಾದರೂ ಬಳಸಬೇಡಿ. ಸಂಖ್ಯೆ ಸಿಕ್ಕ ತಕ್ಷಣ ಉಸ್ತುವಾರಿಗೂ ಮುಂದಿನವರಿಗೂ ಕಳುಹಿಸಿ.

ದೇಶದ ಗಡಿ ದಾಟುವಾಗ ಅಂಚೆಯ ಮೂಲಕವಾದರೆ ಸಿಎನ್22 ಅಥವಾ ಸಿಎನ್23 ಎಂಬ ಕಸ್ಟಮ್ಸ್ ಘೋಷಣಾ ಪತ್ರ ತುಂಬಬೇಕು. ಮೌಲ್ಯ ಕಡಿಮೆಯಿರುವ ಚಿಕ್ಕ ಪೊಟ್ಟಣಕ್ಕೆ ಮೊದಲನೆಯದು, ಪಾರ್ಸೆಲ್‌ಗೆ ಎರಡನೆಯದು. ‘ಬಟ್ಟೆ’ ಎಂದಷ್ಟೇ ಬರೆದರೆ ಅನುಮಾನ ಬರುತ್ತದೆ. ‘ಬಳಸಿದ ಹತ್ತಿ ಕೋಟು, ಕೈಕಸೂತಿ, ಮಾರಾಟಕ್ಕಲ್ಲ’ ಎಂಬಂತೆ ವಿವರವಾಗಿ ಬರೆಯಿರಿ. ಸುಂಕ ಉಳಿಸಲು ‘ಉಡುಗೊರೆ’ ಎಂದು ಸುಳ್ಳು ಬರೆಯುವುದು ಅಪರಾಧ. ಪ್ರದರ್ಶನಕ್ಕೆಂದು ತಾತ್ಕಾಲಿಕವಾಗಿ ಬೇರೆ ದೇಶಕ್ಕೆ ಒಯ್ಯುವಾಗ ‘ಎಟಿಎ ಕಾರ್ನೆ’ ಎಂಬ ದಾಖಲೆ ನೆರವಾಗುತ್ತದೆ. ಅದು ಸುಂಕ ಕಟ್ಟದೆ ಸರಕನ್ನು ಒಯ್ದು, ಒಂದು ವರ್ಷದೊಳಗೆ ಮರಳಿ ತರಲು ಕೊಡುವ ರಹದಾರಿ. ಆದರೆ ಒಯ್ದಲ್ಲಿ ಸಂಸ್ಕರಿಸುವ, ದುರಸ್ತಿ ಮಾಡುವ ಸರಕಿಗೆ ಅದು ಅನ್ವಯಿಸುವುದಿಲ್ಲ. ಹಾಗಾಗಿ ಕೋಟಿನ ಮೇಲೆ ಇನ್ನೂ ಕೆಲಸ ನಡೆಯುವ ಪಯಣಕ್ಕೆ ಅದನ್ನು ನೆಚ್ಚಿಕೊಳ್ಳಬೇಡಿ.

ಮಿನುಗುವ ದೀಪಗಳನ್ನು ಯಾರಾದರೂ ಹೊಲಿದಿದ್ದರೆ ಬ್ಯಾಟರಿಯನ್ನು ತೆಗೆದೇ ಕಳುಹಿಸಿ. ಬಿಡಿ ಲಿಥಿಯಂ ಬ್ಯಾಟರಿಗೆ ವಿಮಾನ ಅಂಚೆಯಲ್ಲಿ ಪ್ರವೇಶವಿಲ್ಲ.

9. ಕೋಟಿನ ಸುದ್ದಿ ನಿಂತಾಗ

ಮೌನಕ್ಕೆ ಕಾರಣ ಹೆಚ್ಚಾಗಿ ಕಾಯಿಲೆ, ಕೆಲಸದ ಹೊರೆ, ಅಥವಾ ‘ನನ್ನ ಕೆಲಸ ಚೆನ್ನಾಗಿ ಬರಲಿಲ್ಲ’ ಎಂಬ ನಾಚಿಕೆ. ಕದಿಯುವವರು ತೀರಾ ವಿರಳ. ಆದ್ದರಿಂದ ಮಾತು ಮೃದುವಾಗಿರಲಿ, ಆದರೆ ಸಮಯಕ್ಕೆ ಸರಿಯಾಗಿರಲಿ. ಎರಡನೆಯ ವಾರದ ಕೊನೆಗೆ ‘ಹೇಗೆ ನಡೆಯುತ್ತಿದೆ?’ ಎಂಬ ಸಂದೇಶ, ಮೂರನೆಯ ವಾರಕ್ಕೆ ಗಡುವಿನ ನೆನಪು, ನಾಲ್ಕನೆಯ ವಾರಕ್ಕೆ ಫೋನ್ ಕರೆ. ಆ ಕರೆಯಲ್ಲಿ ‘ಏನೂ ಮಾಡದೆ ಹಾಗೆಯೇ ಮುಂದೆ ಕಳುಹಿಸಿದರೂ ಪರವಾಗಿಲ್ಲ, ಪುಸ್ತಕದಲ್ಲಿ ಒಂದು ಸಾಲು ಬರೆದರೆ ಸಾಕು’ ಎಂದು ಹೇಳಿ. ಈ ಬಿಡುಗಡೆ ಸಿಕ್ಕಿದೊಡನೆ ಎಷ್ಟೋ ಜನ ಮರುದಿನವೇ ಕಳುಹಿಸುತ್ತಾರೆ. ಒಪ್ಪಂದದಲ್ಲೇ ಎರಡನೆಯ ಸಂಪರ್ಕವೊಂದನ್ನು, ಅಂದರೆ ಸ್ನೇಹಿತರದೋ ಮನೆಯವರದೋ ಸಂಖ್ಯೆಯನ್ನು ಪಡೆದಿಟ್ಟುಕೊಂಡಿದ್ದರೆ ಆಪತ್ತಿಗೆ ಒದಗುತ್ತದೆ. ಸಾರ್ವಜನಿಕವಾಗಿ ಹೆಸರು ಹೇಳಿ ನಿಂದಿಸುವುದು ಮಾತ್ರ ಎಂದಿಗೂ ಸಲ್ಲ.

ಠೇವಣಿ ಇರಿಸಿಕೊಳ್ಳಬಹುದೇ ಎಂದು ಹಲವರು ಕೇಳುತ್ತಾರೆ. ಬೇಡ ಎನ್ನುತ್ತೇನೆ. ಠೇವಣಿ ಕಟ್ಟಿದವರು ಕೆಲವೊಮ್ಮೆ ಕೋಟಿಗೆ ಬೆಲೆ ತೆತ್ತೆವೆಂದೇ ಭಾವಿಸುತ್ತಾರೆ. ಕಟ್ಟಲಾಗದವರು ಕೇಳದೆಯೇ ದೂರ ಉಳಿಯುತ್ತಾರೆ.

ಕೋಟು ನಿಜಕ್ಕೂ ಕಳೆದುಹೋದರೆ ಮುಚ್ಚಿಡಬೇಡಿ. ಪಾಲ್ಗೊಂಡ ಪ್ರತಿಯೊಬ್ಬರಿಗೂ ಪ್ರತ್ಯೇಕವಾಗಿ ತಿಳಿಸಿ, ಅವರ ಚೌಕದ ಫೋಟೊವನ್ನು ಜತೆಗೆ ಕಳುಹಿಸಿ. ಎಲ್ಲರೂ ಒಪ್ಪಿದರೆ ಹಳೆಯ ಚೌಕಗಳ ಚಿತ್ರಗಳನ್ನು ಬಟ್ಟೆಯ ಮೇಲೆ ಮುದ್ರಿಸಿ ಎರಡನೆಯ ಕೋಟಿನ ಅಸ್ತರಾಗಿ ಹೊಲಿದು, ಪಯಣ ಮುಂದುವರಿಸಬಹುದು.

10. ವಿರಾಮ, ದುರಸ್ತಿ

ಪ್ರತಿ ಸರಪಳಿಯ ಕೊನೆಗೆ ಕೋಟು ಮರಳಿದಾಗ ಅದನ್ನು ಒಗೆಯಬೇಡಿ. ಬಗೆಬಗೆಯ ದಾರ, ಬಣ್ಣ ಸೇರಿರುವಾಗ ಯಾವುದು ಬಣ್ಣ ಬಿಡುತ್ತದೆ ಎಂದು ಹೇಳಲಾಗದು. ಧೂಳು ಹೀರುವ ಯಂತ್ರದ (ವ್ಯಾಕ್ಯೂಮ್ ಕ್ಲೀನರ್) ಬಾಯಿಗೆ ತೆಳು ಬಲೆ ಕಟ್ಟಿ, ಕಡಿಮೆ ಸೆಳೆತದಲ್ಲಿ ಧೂಳು ತೆಗೆಯಿರಿ. ಗಾಳಿಯಾಡುವ ನೆರಳಿನಲ್ಲಿ ಹರಡಿ.

ಯಾರಾದರೂ ಉಣ್ಣೆಯ ದಾರವನ್ನೋ ತೇಪೆಯನ್ನೋ ಸೇರಿಸಿದ್ದರೆ ನುಸಿಯ ಮುನ್ನೆಚ್ಚರಿಕೆ ಬೇಕು. ಕೋಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ಹೊರಹಾಕಿ ಮುಚ್ಚಿ, ಮೈನಸ್ 18 ಡಿಗ್ರಿ ಸೆಲ್ಸಿಯಸ್‌ನ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಒಂದು ದಿನ ಚೀಲವನ್ನು ತೆರೆಯದೆ ಬಿಡಿ, ತಣ್ಣನೆಯ ಬಟ್ಟೆಯ ಮೇಲೆ ತೇವ ಕಟ್ಟಬಾರದು. ದಪ್ಪ ಬಣ್ಣದ ಚೌಕಗಳಿದ್ದರೆ ಈ ವಿಧಾನ ಬೇಡ, ಚಳಿಗೆ ಬಣ್ಣ ಸೆಡೆತು ಒಡೆಯಬಹುದು. ಆಗ ಸ್ತರಗಳ ಸಂದಿಗಳನ್ನು ಕಣ್ಣಾರೆ ಪರೀಕ್ಷಿಸುವುದೇ ದಾರಿ. ಭಾರ ಹೆಚ್ಚಿದಂತೆ ಹೆಗಲ ಹೊಲಿಗೆ ಜಗ್ಗುತ್ತದೆ. ಒಳಗಿನಿಂದ ಹತ್ತಿಯ ಪಟ್ಟಿಯೊಂದನ್ನು ಹೆಗಲಿನುದ್ದಕ್ಕೂ ಹೊಲಿದು ಆಸರೆ ಕೊಡಿ.

11. ಪ್ರದರ್ಶನ, ಆಮೇಲೆ

ತಂತಿಯ ಹ್ಯಾಂಗರಿಗೆ ನೇತುಹಾಕಬೇಡಿ. ಹೆಗಲಿನಷ್ಟೇ ಅಗಲವಾದ, ಹತ್ತಿ ಸುತ್ತಿದ ಹ್ಯಾಂಗರ್ ಅಥವಾ ಬೊಂಬೆ ಬೇಕು. ಬೆಳಕಿನ ತೀವ್ರತೆಯನ್ನು ಲಕ್ಸ್ ಎಂಬ ಮಾನದಲ್ಲಿ ಅಳೆಯುತ್ತಾರೆ. ವಸ್ತುಸಂಗ್ರಹಾಲಯಗಳು ಬಟ್ಟೆಗಳಿಗೆ ಸಾಮಾನ್ಯವಾಗಿ 50 ಲಕ್ಸ್ ಮಿತಿ ಇಟ್ಟುಕೊಳ್ಳುತ್ತವೆ. ಅಷ್ಟು ನಿಖರವಾಗಿ ಸಾಧ್ಯವಾಗದಿದ್ದರೂ ನೇರ ಬಿಸಿಲು ಬೀಳುವ ಕಿಟಕಿಯಿಂದ ದೂರವಿಡಿ. ಪಯಣದ ಪುಸ್ತಕದ ನಕಲು ಪಕ್ಕದಲ್ಲೇ ಇರಲಿ, ಮೂಲವನ್ನು ಒಳಗಿಡಿ. ಪಾಲ್ಗೊಂಡವರು ಪ್ರದರ್ಶನಕ್ಕೆ ಬಂದರೆ ಕೋಟನ್ನು ಮತ್ತೊಮ್ಮೆ ತೊಡಲು ಅವಕಾಶ ಕೊಡಿ. ಬರಲಾಗದವರಿಗೆ ಅವರ ಚೌಕ ಇತರರ ಚೌಕಗಳ ನಡುವೆ ಹೇಗೆ ಕಾಣುತ್ತದೆ ಎಂಬ ಫೋಟೊ ಕಳುಹಿಸಿ.

ಪ್ರದರ್ಶನ ಮುಗಿದ ಮೇಲೆ ಕೋಟು ಯಾರ ಬಳಿ ಇರಬೇಕು ಎಂಬುದನ್ನು ಒಪ್ಪಂದದಲ್ಲೇ ಬರೆದಿರಬೇಕು. ಗ್ರಂಥಾಲಯ, ಶಾಲೆ, ಸಮುದಾಯ ಕೇಂದ್ರದಂಥ ಸಾರ್ವಜನಿಕ ಜಾಗಕ್ಕೆ ಕೊಡುವುದು ಉಸ್ತುವಾರಿಯ ಕಪಾಟಿನಲ್ಲಿ ಇಡುವುದಕ್ಕಿಂತ ಒಳ್ಳೆಯದು. ಕೊಡುವಾಗ ಮೂರು ದಾಖಲೆಗಳನ್ನು ಜತೆಗಿಡಿ: ಚೌಕಗಳ ನಕ್ಷೆ, ಯಾರ ಹೆಸರು ಹೇಗೆ ಕಾಣಿಸಬೇಕು ಎಂಬ ಪಟ್ಟಿ, ಸಹಿ ಮಾಡಿದ ಅನುಮತಿಪತ್ರಗಳು. ಅನುಮತಿಪತ್ರಗಳಲ್ಲಿ ಮನೆ ವಿಳಾಸವಿದ್ದರೆ ಅದನ್ನು ಮರೆಮಾಡಿದ ಪ್ರತಿಯನ್ನು ಮಾತ್ರ ಕೊಡಿ, ಮೂಲ ನಿಮ್ಮಲ್ಲೇ ಇರಲಿ. ಪ್ಲಾಸ್ಟಿಕ್ ಚೀಲದಲ್ಲಿ ದೀರ್ಘಕಾಲ ಇಟ್ಟರೆ ತೇವ ಹಿಡಿದು ಬೂಷ್ಟು ಬರುತ್ತದೆ, ಒಗೆದ ಹತ್ತಿ ಬಟ್ಟೆಯಲ್ಲಿ ಸುತ್ತಿ ಇಡಲು ಹೇಳಿ. ಮಡಿಕೆಗಳ ಜಾಗವನ್ನು ವರ್ಷಕ್ಕೊಮ್ಮೆಯಾದರೂ ಬದಲಿಸಲು ಹೇಳುವುದನ್ನು ಮರೆಯಬೇಡಿ.